ನಕ್ಷತ್ರ ಅಂಟಿಸಿದ ತಪಸ್ಸುಕಾಲ

ಹೋದ ವಾರ ಶಿವಮೊಗ್ಗದ ನಮ್ಮ ಚರ್ಚಿನ ಹಿತ್ತಲಲ್ಲಿ ಒಣಗಿದ ತೆಂಗಿನ ಗರಿಗಳನ್ನು ಸುಡುತ್ತಿದ್ದರು. ಹಿಂದಿನ ವರ್ಷ ಗರಿಗಳ ಭಾನುವಾರದಂದು ಜನ ಮನೆಗೊಯ್ದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳು ಅವು. ವರ್ಷ ತುಂಬುತ್ತಿದ್ದಂತೆ ವಾಪಸ್ ತಂದುಕೊಡುತ್ತಾರೆ. ಅವನ್ನು ಸುಟ್ಟ ಬೂದಿಯನ್ನೇ ವಿಭೂತಿ ಬುಧವಾರ ನಮ್ಮ ಹಣೆಗೆ ಹಚ್ಚುವುದು. ಅಲ್ಲಿಂದ ಈಸ್ಟರ್‌ವರೆಗೆ ನಲವತ್ತು ದಿನ ತಪಸ್ಸುಕಾಲ. ಆ ಹೊಗೆ ಮೂಗಿಗೆ ಬಡಿದದ್ದೇ ಭದ್ರಾವತಿಯಲ್ಲಿ ನಾನು ಧರ್ಮೋಪದೇಶದ ಟೀಚರಾಗಿದ್ದ ಒಂದೇ ಒಂದು ತಪಸ್ಸುಕಾಲ ನೆನಪಾಯಿತು. ನೆನಪಾದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಮೊದಲು ಬೇರೆಯವರ ಮೇಲೆ, ಆಮೇಲೆ ನನ್ನ ಮೇಲೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮದುವೆಯಾಗಿಲ್ಲ. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಮನೆಯ ಶಾರದಮ್ಮ ಒಳ್ಳೆಯ ಹೆಂಗಸು; ಮೊಟ್ಟೆಯ ಚಿಪ್ಪು ಸಹ ಗೇಟು ದಾಟಿ ಒಳಬರಬಾರದು ಎನ್ನುವ ಒಂದು ಕರಾರು ಬಿಟ್ಟರೆ ಬೇರೆ ತಂಟೆ ಇರಲಿಲ್ಲ. ಭದ್ರಾವತಿಯ ಆ ಚರ್ಚಿನ ಫಾದರ್ ನನ್ನ ತಮ್ಮನ ಜೊತೆ ಓದಿದವರು. ದೃಢೀಕರಣ ಸಂಸ್ಕಾರಕ್ಕೆ ಹನ್ನೊಂದು ಮಕ್ಕಳಿದ್ದಾರೆ, ಮೇ ತಿಂಗಳಲ್ಲಿ ಬಿಷಪ್ ಬರುತ್ತಾರೆ, ಪಾಠ ಮಾಡಲು ಜನ ಇಲ್ಲ, ಅಕ್ಕ ದಯವಿಟ್ಟು ಬನ್ನಿ ಎಂದು ಫೋನಿನಲ್ಲಿ ಗೋಗರೆದರು. ಹರೆಯಕ್ಕೆ ಬಂದ ಮಕ್ಕಳ ಹಣೆಗೆ ಬಿಷಪ್ ಎಣ್ಣೆ ಹಚ್ಚಿ ಅವರ ನಂಬಿಕೆಯನ್ನು ಗಟ್ಟಿ ಮಾಡುವ ವಿಧಿ ಅದು. ನನಗೆ ಆಗಲೇ ಚರ್ಚು ಒಂದು ರೂಢಿಯಾಗಿ ಉಳಿದಿತ್ತು, ಅಷ್ಟೇ. ಆದರೂ ಒಪ್ಪಿದೆ. ನನ್ನಷ್ಟು ಚೆನ್ನಾಗಿ ಆ ಊರಲ್ಲಿ ಯಾರೂ ಪಾಠ ಮಾಡಲಾರರು ಎಂಬ ಅಹಂಕಾರ ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಸ್ಕೂಟರ್ ಹತ್ತಿದರೆ ಮಲವಗೊಪ್ಪ ದಾಟುವಷ್ಟರಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಲಾರಿಗಳ ಧೂಳು ಸೀರೆಯ ಮೇಲೆ, ಹಲ್ಲಿನ ಮೇಲೆ. ಕ್ಲಾಸು ನಡೆಯುತ್ತಿದ್ದದ್ದು ಚರ್ಚಿನ ಪಕ್ಕದ ಶೀಟು ಹೊದಿಸಿದ ಹಾಲಿನಲ್ಲಿ. ಒಂದು ಮೂಲೆಯಲ್ಲಿ ಕ್ರಿಸ್‌ಮಸ್ ಗೋದಲಿಯ ಮುರಿದ ಒಂಟೆಗಳು, ಇನ್ನೊಂದು ಮೂಲೆಯಲ್ಲಿ ಶಾಮಿಯಾನದ ಗಳುಗಳು. ಫ್ಯಾನು ತಿರುಗಿದರೆ ಬಿಸಿಗಾಳಿಯನ್ನೇ ಹಂಚುತ್ತಿತ್ತು. ಮಕ್ಕಳೆಲ್ಲ ಹತ್ತನೇ ಕ್ಲಾಸು, ಪಿಯುಸಿಯವರು; ಮನೆಯಲ್ಲಿ ಒಬ್ಬರು ತಮಿಳು, ಇನ್ನೊಬ್ಬರು ಕೊಂಕಣಿ, ಮತ್ತೊಬ್ಬರು ತೆಲುಗು. ಕ್ಲಾಸಿನಲ್ಲಿ ಎಲ್ಲರೂ ಕನ್ನಡದಲ್ಲಿ ಆಕಳಿಸುತ್ತಿದ್ದರು.

ನಾನು ಪಾಠ ಮಾಡುತ್ತಿದ್ದ ರೀತಿಯೂ ಆಕಳಿಕೆಗೆ ತಕ್ಕಂತೆಯೇ ಇತ್ತು. ಬಿಷಪ್ ಕೇಳಬಹುದಾದ ಪ್ರಶ್ನೆಗಳ ಪಟ್ಟಿ ಮಾಡಿ, ಉತ್ತರ ಬರೆಸಿ, ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ದೇವರ ಕೃಪೆ ಎಂದರೇನು? ಯಾವ ಅರ್ಹತೆಯೂ ಇಲ್ಲದ ನಮಗೆ ದೇವರು ತಾನಾಗಿ ಕೊಡುವ ಉಚಿತ ವರ. ಬಲಿದಾನ ಎಂದರೇನು? ಇನ್ನೊಬ್ಬರ ಸಲುವಾಗಿ ತನ್ನನ್ನು ಕೊಟ್ಟುಕೊಳ್ಳುವುದು. ಅಲ್ಪವಿರಾಮವನ್ನೂ ಬಿಡದೆ ಒಪ್ಪಿಸಿದರೆ ಮನೆಗೆ ಹೋಗಬಹುದಿತ್ತು.

ಇದು ಸಾಲದು ಎಂದು ಚರ್ಚಿನ ಕಮಿಟಿಗೆ ಅನ್ನಿಸಿತು. ಯುವಜನರನ್ನು ಹಿಡಿದಿಡಬೇಕು ಎಂದು ಶಿವಮೊಗ್ಗದಿಂದ ವಿನ್ಸೆಂಟ್ ಸರ್ ಅವರನ್ನು ಕರೆಸಿತು. ಇವರು ವ್ಯಕ್ತಿತ್ವ ವಿಕಸನದ ತರಬೇತುದಾರರು. ಹನ್ನೊಂದು ಮಕ್ಕಳಿದ್ದ ಆ ಹಾಲಿಗೆ ಕಾಲರಿಗೆ ಸಿಕ್ಕಿಸುವ ಮೈಕು, ಚಕ್ರವಿದ್ದ ಸ್ಪೀಕರು, ಭದ್ರಾವತಿಯ ಬೇಸಿಗೆಯಲ್ಲಿ ಟೈ. ಯೇಸು ಜಗತ್ತಿನ ನಂಬರ್ ಒನ್ ಟೀಮ್ ಲೀಡರ್ ಎಂದು ಶುರು ಮಾಡಿ, ಸೋತವರಿಗೆ ಸ್ವರ್ಗ ಇಲ್ಲ ಎಂಬಲ್ಲಿಗೆ ತಂದು ನಿಲ್ಲಿಸಿದರು. ಶಿಲುಬೆಯ ಮೇಲೆ ಸತ್ತವನ ಬಗ್ಗೆ ಮಾತಾಡುತ್ತಿದ್ದೇನೆ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ.

ಅವರ ದೊಡ್ಡ ಯೋಜನೆಯ ಹೆಸರು ತ್ಯಾಗದ ಪಟ್ಟಿ. ಗೋಡೆಯ ಮೇಲೆ ಒಂದು ಚಾರ್ಟು. ಅದರಲ್ಲಿ ಮಕ್ಕಳ ಹೆಸರು. ತಪಸ್ಸುಕಾಲದಲ್ಲಿ ಯೇಸುವಿಗಾಗಿ ಏನೇನು ಬಿಟ್ಟಿದ್ದೀರಿ ಎಂದು ಪ್ರತಿ ಭಾನುವಾರ ಎದ್ದು ಹೇಳಬೇಕು. ಒಂದೊಂದಕ್ಕೂ ಒಂದು ಚಿನ್ನದ ಬಣ್ಣದ ನಕ್ಷತ್ರ. ಯಾರಿಗೆ ಹೆಚ್ಚು ನಕ್ಷತ್ರವೋ ಅವರು ಶುಭ ಶುಕ್ರವಾರ ಊರ ಬೀದಿಯಲ್ಲಿ ಹೊರಡುವ ಶಿಲುಬೆ ಹಾದಿಯ ಮೆರವಣಿಗೆಯಲ್ಲಿ ಎಲ್ಲರ ಮುಂದೆ ಶಿಲುಬೆ ಹೊರುವುದು. ಮಾಂಸ, ಮೊಬೈಲು, ಪಾನಿಪುರಿ, ಕ್ರಿಕೆಟ್ಟು ಎಲ್ಲವೂ ನಕ್ಷತ್ರಗಳಾದವು. ಜೋವಿಟಾ ಎಂಬ ಹುಡುಗಿ ಗಣಿತವನ್ನು ಬಿಟ್ಟಿದ್ದೇನೆ ಎಂದಳು. ಅವಳಿಗೆ ನಕ್ಷತ್ರ ಸಿಗಲಿಲ್ಲ. ಅದೇ ಹುಡುಗಿ ಇನ್ನೊಂದು ದಿನ, ಕೃಪೆ ಉಚಿತ ಅಂದಮೇಲೆ ಈ ನಕ್ಷತ್ರ ಯಾಕೆ ಟೀಚರ್ ಎಂದು ಕೇಳಿದಳು. ಅದು ಬಿಷಪ್ ಕೇಳೋ ಪ್ರಶ್ನೆ ಅಲ್ಲ ಎಂದು ಕೂರಿಸಿದೆ. ಆ ವರ್ಷ ಆ ಹಾಲಿನಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ. ನಕ್ಷತ್ರ ಅಂಟಿಸುತ್ತಿದ್ದವಳು ನಾನೇ.

ಮೊದಲ ವಾರದಿಂದಲೂ ಮುಂದಿದ್ದವಳು ಪ್ರಿಸಿಲ್ಲಾ. ಪಿಯುಸಿ ಮೊದಲ ವರ್ಷ, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಓಡಾಡುತ್ತಿದ್ದಳು. ಗುಂಡು ಮುಖದ, ಮಾತು ಕಡಿಮೆಯ ಹುಡುಗಿ. ಅವಳ ತಂದೆ ಅಂತೋಣಿ ರಾಜ್‌ಗೆ ಬಜಾರಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಣಪತಿ, ಮೆಕ್ಕಾ, ಮಾತೆ ಮರಿಯಮ್ಮ, ತೀರಿಕೊಂಡ ಅಜ್ಜಂದಿರು ಎಲ್ಲರೂ ಅಲ್ಲಿ ಒಂದೇ ಗೋಡೆಯ ಮೇಲೆ. ಕಮಿಟಿಯ ಕಾರ್ಯದರ್ಶಿಯೂ ಅವರೇ. ಭಾನುವಾರ ಮಗಳ ಹಿಂದೆಯೇ ಹಾಲಿಗೆ ಬಂದು, ಅವಳು ಬಾಯಿ ತೆರೆಯುವ ಮುಂಚೆ ಪಟ್ಟಿ ಒಪ್ಪಿಸುತ್ತಿದ್ದರು. ನಮ್ಮ ಪ್ರಿಸಿ ಮಾಂಸ ಬಿಟ್ಟಿದಾಳೆ, ಸಿಹಿ ಬಿಟ್ಟಿದಾಳೆ, ದಿಂಬು ಸಹ ಬಿಟ್ಟಿದಾಳೆ. ಪ್ರಿಸಿಲ್ಲಾ ನೆಲ ನೋಡುತ್ತ ನಿಂತಿರುತ್ತಿದ್ದಳು. ದಿಂಬಿಗೂ ಒಂದು ನಕ್ಷತ್ರ ಅಂಟಿಸಿದೆ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ನಮ್ಮವರು ಮಾಂಸ ತಿನ್ನುವಂತಿಲ್ಲ. ಮೂರನೆಯ ಶುಕ್ರವಾರ ಸಂಜೆ ಐದರ ಹೊತ್ತಿಗೆ ನಾನು ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ತಳ್ಳುಗಾಡಿಯ ಮುಂದೆ ನಿಂತು ಚಿಕನ್ ಕಬಾಬ್ ತಿನ್ನುತ್ತಿದ್ದೆ. ಮುಚ್ಚಿಡುವುದಿಲ್ಲ. ಮನೆಯಲ್ಲಿ ಬೇಯಿಸುವಂತಿಲ್ಲ, ವಾರವಿಡೀ ಮಕ್ಕಳ ಜೊತೆ ಕಿರುಚಿರುತ್ತಿದ್ದೆ, ಶುಕ್ರವಾರ ಸಂಜೆ ಒಂದು ಪ್ಲೇಟು ಬಿಸಿ ಕಬಾಬು ನನ್ನ ಹಲವು ವರ್ಷಗಳ ಅಭ್ಯಾಸ. ನಾನೇನೂ ಪ್ರತಿಜ್ಞೆ ಮಾಡಿರಲಿಲ್ಲ, ನನ್ನ ಹೆಸರಿನ ಮುಂದೆ ನಕ್ಷತ್ರ ಇರಲಿಲ್ಲ, ಹಾಗಾಗಿ ನನ್ನದು ಕಪಟ ಅಲ್ಲ ಎಂದು ನನ್ನ ಲೆಕ್ಕ. ನಿಂಬೆಹಣ್ಣು ಹಿಂಡುತ್ತ ತಲೆ ಎತ್ತಿದರೆ ಗಾಡಿಯ ಆಚೆ ಬದಿಯಲ್ಲಿ ಪ್ರಿಸಿಲ್ಲಾ. ಅವತ್ತು ಅವಳ ಕೊನೆಯ ಪರೀಕ್ಷೆ ಮುಗಿದಿತ್ತಂತೆ. ಜೊತೆಗೆ ಇಬ್ಬರು ಗೆಳತಿಯರು, ಕೈಯಲ್ಲಿ ಕೋಳಿಯ ಕಾಲು, ತುಟಿಯೆಲ್ಲ ಕೆಂಪು. ಇಬ್ಬರ ಕಣ್ಣೂ ಸೇರಿದವು. ಅವಳು ಅಗಿಯುವುದನ್ನು ನಿಲ್ಲಿಸಿದಳು. ನಾನು ಪ್ಲೇಟು ಹಿಡಿದುಕೊಂಡೇ ಬೆನ್ನು ತಿರುಗಿಸಿದೆ.

ಅಲ್ಲಿಂದ ಮನೆಗೆ ಹೋಗುವಾಗ ನನಗಾದ ಖುಷಿ ಇವತ್ತಿಗೂ ನೆನಪಿದೆ. ಟೈ, ಮೈಕು, ದಿಂಬು, ನಕ್ಷತ್ರ, ಅಂತೋಣಿ ರಾಜ್‌ರ ಜಂಭ ಎಲ್ಲವನ್ನೂ ಉರುಳಿಸುವಂಥ ಒಂದು ಕಲ್ಲು ನನ್ನ ಕೈಗೆ ಸಿಕ್ಕಿತ್ತು. ಆ ಕಲ್ಲು ಹದಿನೇಳು ವರ್ಷದ ಒಂದು ಹುಡುಗಿ ಎಂಬುದು ನನ್ನ ತಲೆಗೆ ಬರಲಿಲ್ಲ. ಬಂದಿದ್ದರೂ ಬದಿಗೆ ಸರಿಸುತ್ತಿದ್ದೆನೋ ಏನೋ.

ಮುಂದಿನ ಭಾನುವಾರಗಳಲ್ಲಿ ಅವಳು ನನ್ನನ್ನು ನೋಡಲಿಲ್ಲ. ಅಪ್ಪ ಪಟ್ಟಿ ಒಪ್ಪಿಸುತ್ತಲೇ ಇದ್ದರು, ನಾನು ಅಂಟಿಸುತ್ತಲೇ ಇದ್ದೆ. ಬೇಕೆಂದೇ ಕಾದೆ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಬಂತು. ಚರ್ಚಿನ ಅಂಗಳದಲ್ಲಿ ಜನ ಗರಿ ಹಿಡಿದು ಬಲಿಪೂಜೆಗೆ ಸೇರಿದ್ದರು. ಫಾದರ್ ಪೂಜೆಯ ಬಟ್ಟೆ ತೊಟ್ಟು ಬರುವ ಮುಂಚಿನ ಹತ್ತು ನಿಮಿಷವನ್ನು ವಿನ್ಸೆಂಟ್ ಸರ್ ಕೇಳಿ ಪಡೆದಿದ್ದರು. ಚಾರ್ಟನ್ನು ಹೊರಗೆ ತಂದು ಕುರ್ಚಿಯ ಮೇಲೆ ನಿಲ್ಲಿಸಿ, ಈ ವರ್ಷದ ತ್ಯಾಗದ ಚಾಂಪಿಯನ್ ಎಂದು ಪ್ರಿಸಿಲ್ಲಾಳ ಹೆಸರು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಅಂತೋಣಿ ರಾಜ್ ಮಗಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದರು. ನಾನು ಹೋಗಿ ಮೈಕು ಇಸಿದುಕೊಂಡೆ.

ಪಟ್ಟಿ ಸುಳ್ಳು, ಈ ಹುಡುಗಿ ಮಾಂಸ ಬಿಟ್ಟಿಲ್ಲ, ಮೂರನೇ ಶುಕ್ರವಾರ ಶಿವಮೊಗ್ಗದಲ್ಲಿ ಕಬಾಬ್ ತಿನ್ನುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಮೂರೇ ವಾಕ್ಯ. ಕ್ಲಾಸಿನಲ್ಲಿ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ.

ಎತ್ತಿ ಹಿಡಿದಿದ್ದ ಗರಿಗಳು ಒಂದೊಂದಾಗಿ ಕೆಳಗಿಳಿದವು. ವಿನ್ಸೆಂಟ್ ಸರ್ ಪೆಚ್ಚಾಗಿ, ಅದು ನಿಮಗೆ ಹೇಗೆ ಕಾಣ್ತು ಟೀಚರ್ ಎಂದು ಕೇಳಿದರು. ಇದನ್ನು ಯಾರಾದರೂ ಕೇಳಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

"ಆ ದಾರೀಲಿ ಹೋಗ್ತಿದ್ದೆ," ಅಂದೆ.

ಪ್ರಿಸಿಲ್ಲಾ ತಲೆ ಎತ್ತಿ ನನ್ನನ್ನು ನೋಡಿದಳು. ಅಂತೋಣಿ ರಾಜ್ ಮಗಳ ತೋಳು ಹಿಡಿದು ತಿರುಗಿಸಿಕೊಂಡರು. ನಿಜಾನಾ ಎಂದು ಕೇಳಿದರು. ನಿಜ ಎಂದಳು. ಅವರು ಆಮೇಲೆ ಕೇಳಿದ್ದು ನಾನು ಬದುಕಿರುವವರೆಗೂ ಮರೆಯುವಂಥದ್ದಲ್ಲ.

"ಅಲ್ಲಿ ನಮ್ಮ ಚರ್ಚಿನೋರು ಬೇರೆ ಯಾರಾದ್ರೂ ಇದ್ರಾ?"

ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಧರ್ಮೋಪದೇಶದ ಟೀಚರು ತಪಸ್ಸುಕಾಲದ ಶುಕ್ರವಾರ ಬೀದಿಯಲ್ಲಿ ನಿಂತು ಕೋಳಿ ತಿಂದಳು, ಈಗ ದಾರೀಲಿ ಹೋಗ್ತಿದ್ದೆ ಅಂತ ಸುಳ್ಳೂ ಹೇಳಿದಳು. ಅಂಗಳದ ಅಷ್ಟೂ ಕಣ್ಣು ಅವಳನ್ನು ಬಿಟ್ಟು ನನ್ನ ಕಡೆ ತಿರುಗುತ್ತಿದ್ದವು.

"ಇಲ್ಲಪ್ಪ," ಅಂದಳು. "ನಾನೊಬ್ಳೇ ಇದ್ದಿದ್ದು."

ಚರ್ಚಿನ ಬಾಗಿಲ ಹೊರಗೆ, ಬಿಸಿಲಿನಲ್ಲಿ, ಗರಿ ಕೈಯಲ್ಲಿ ಹಿಡಿದು ಪೂಜೆ ಮುಗಿಯುವವರೆಗೆ ಮಂಡಿಯೂರು ಎಂದು ಅಪ್ಪ ಹೇಳಿದರು. ಊರಿದಳು. ಜನ ಹೊಸಾನ್ನ ಹಾಡುತ್ತ ಅವಳ ಪಕ್ಕದಿಂದ ಒಳಗೆ ಹೋದರು. ಗರಿಗಳ ಭಾನುವಾರದ ವಾಚನ ತುಂಬ ಉದ್ದ, ಯೇಸುವಿನ ಯಾತನೆಯ ಇಡೀ ಕಥೆ ಓದುತ್ತಾರೆ. ಫಾದರ್‌ಗೆ ಬಾಗಿಲಲ್ಲಿ ಮಂಡಿಯೂರಿದವಳು ಕಾಣುತ್ತಿದ್ದಳು, ಕಾಣದವರಂತೆ ಓದಿದರು. ಕಾರ್ಯದರ್ಶಿಯನ್ನು ಎದುರುಹಾಕಿಕೊಳ್ಳುವ ಗಂಡಸಲ್ಲ ಅವರು. ವಿನ್ಸೆಂಟ್ ಸರ್ ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದರು. ಅವರೆಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಆದರೆ ಬೈಗುಳ ನಾಲಗೆಗೆ ರುಚಿಸಲಿಲ್ಲ. ಗೆದ್ದವಳು ನಾನೇ ಆಗಿದ್ದೆ, ಹಿಂದೆ ತಿರುಗಿ ಬಾಗಿಲ ಕಡೆ ನೋಡುವ ಧೈರ್ಯ ಮಾತ್ರ ನನಗಿರಲಿಲ್ಲ.

ಎರಡು ದಿನ ಬಿಟ್ಟು ಫಾದರ್ ಫೋನ್ ಮಾಡಿದರು. ಪ್ರಿಸಿಲ್ಲಾಳ ಹೆಸರನ್ನು ದೃಢೀಕರಣದ ಪಟ್ಟಿಯಿಂದ ತೆಗೆಯಬೇಕೆಂದು ವಿನ್ಸೆಂಟ್ ಸರ್ ಹಟ ಹಿಡಿದಿದ್ದಾರೆ, ಬೇರೆ ಮಕ್ಕಳಿಗೆ ಪಾಠವಾಗಬೇಕಂತೆ, ಟೀಚರ ಸಹಿ ಬೇಕು, ಗುರುವಾರ ಬನ್ನಿ ಎಂದರು. ಅವಳ ತಂದೆ ಏನಂದರು ಎಂದು ಕೇಳಿದೆ. ಮರ್ಯಾದೆ ಹೋದಮೇಲೆ ಪಟ್ಟಿಯಲ್ಲಿ ಹೆಸರಿದ್ದರೆಷ್ಟು ಬಿಟ್ಟರೆಷ್ಟು ಅಂದರಂತೆ.

ಪವಿತ್ರ ಗುರುವಾರ ಮಧ್ಯಾಹ್ನ ಮೊದಲು ಅವರ ಅಂಗಡಿಗೆ ಹೋದೆ. ತಂದೆ ಊಟಕ್ಕೆ ಹೋಗಿದ್ದರು. ಪ್ರಿಸಿಲ್ಲಾ ಗಾಜು ಒರೆಸುತ್ತಿದ್ದಳು. ಮಂಡಿಯ ಹತ್ತಿರ ಅವಳ ಚೂಡಿದಾರದ ಬಟ್ಟೆ ಉಜ್ಜಿ ತೆಳ್ಳಗಾಗಿತ್ತು. ಸ್ಟೂಲು ಎಳೆದುಕೊಟ್ಟಳು, ನಾನು ಕೂರಲಿಲ್ಲ. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ನೇರವಾಗಿ ಕೇಳಿದೆ.

"ಹೇಳಿದ್ರೆ ನಿಮ್ಮನ್ನ ತೆಗೀತಿದ್ರು ಟೀಚರ್. ಆಮೇಲೆ ಕ್ಲಾಸು ವಿನ್ಸೆಂಟ್ ಸರ್ರೇ ತಗೋತಿದ್ರು. ಅವರ ಕ್ಲಾಸು ಯಾರಿಗೆ ಬೇಕು ಮಾರಾಯ್ತಿ ಅಂತ ಜೋವಿಟಾನೂ ಅಂತಿರ್ತಾಳೆ."

ನನಗೆ ಒಂದು ಕ್ಷಣ ಹಗುರವೆನಿಸಿತು. ಇಷ್ಟೇನಾ, ಇದರಲ್ಲಿ ದೊಡ್ಡದೇನೂ ಇಲ್ಲ ಎಂದುಕೊಂಡೆ. ಅವಳು ಗಾಜನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು.

"ಮತ್ತೆ, ಅವತ್ತು ಗಾಡಿ ಹತ್ರ ನೀವು ಖುಷಿಯಾಗಿದ್ರಿ. ಕ್ಲಾಸಲ್ಲಿ ನಿಮ್ಮುಖ ಯಾವತ್ತೂ ಹಾಗಿರಲ್ಲ. ಅದನ್ನ ಹೋಗಿ ಎಲ್ಲರ ಮುಂದೆ ಹೇಳೋದಾ ಅನ್ನಿಸ್ತು."

ನಾನು ಅವಳಿಗೆ ಮಾಡಿದ್ದೇ ಅದನ್ನು. ಅವಳು ಹಾಗೆನ್ನಲಿಲ್ಲ, ಅವಳ ಮಾತಿನಲ್ಲಿ ಚುಚ್ಚುವ ಉದ್ದೇಶವೂ ಇರಲಿಲ್ಲ. ಸರಿ ಎಂದೋ ಏನೋ ಗೊಣಗಿ ಅಂಗಡಿಯಿಂದ ಇಳಿದೆ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಸಗಣಿಯ ಹಾಗೆ ಕೂರುವ ಹುಡುಗಿ, ಸ್ವಂತದ್ದೊಂದು ಮಾತಿಲ್ಲ ಎಂದು ನಾನು ತೀರ್ಮಾನಿಸಿದ್ದವಳ ಕೈಯಿಂದ ಹೀಗೊಂದು ಉಪಕಾರ ತೆಗೆದುಕೊಂಡು ಬದುಕುವುದೇ? ಆಗದು ಎನ್ನಿಸಿತು.

ಸಂಜೆಯ ಪೂಜೆಗೆ ಮುಂಚೆ ಫಾದರ್ ಆಫೀಸಿನಲ್ಲಿ ಕಮಿಟಿ ಸೇರಿತ್ತು. ಇನ್ನರ್ಧ ಗಂಟೆಗೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಹನ್ನೆರಡು ಜನರ ಪಾದ ತೊಳೆಯುವ ವಿಧಿ. ಬಿಂದಿಗೆ, ಟವೆಲುಗಳೆಲ್ಲ ಮೇಜಿನ ಮೇಲೆ ಸಿದ್ಧವಾಗಿದ್ದವು. ಸಹಿ ಮಾಡುವುದಿಲ್ಲ ಎಂದೆ. ಯಾಕೆಂದು ಕೇಳಿದರು. ಅವತ್ತು ಅದೇ ಗಾಡಿಯಲ್ಲಿ ನಾನೂ ತಿನ್ನುತ್ತಿದ್ದೆ, ದಾರಿಯಲ್ಲಿ ಹೋಗುತ್ತಿದ್ದೆ ಎಂದದ್ದು ಸುಳ್ಳು, ಹುಡುಗಿ ನನ್ನನ್ನು ನೋಡಿಯೂ ಹೇಳಲಿಲ್ಲ ಎಂದೆ. ಬಹಳ ಧೈರ್ಯದ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ದನಿ ಗಟ್ಟಿಯಾಗಿತ್ತು, ತಲೆ ನೆಟ್ಟಗಿತ್ತು.

ಅಲ್ಲಿದ್ದವರಿಗೆ ನನಗಿಂತ ದೊಡ್ಡ ಬೇಟೆ ಬೇಕಿರಲಿಲ್ಲ. ಹುಡುಗಿಯನ್ನು ಮರೆತೇಬಿಟ್ಟರು. ಟೀಚರೇ ಹೀಗಾದರೆ ಮಕ್ಕಳ ಗತಿಯೇನು ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಹುಡುಗಿಯ ಹೆಸರು ಪಟ್ಟಿಯಲ್ಲೇ ಇರಲಿ ಎಂದು ಫಾದರ್ ಮೆಲ್ಲಗೆ ಹೇಳಿ ಕಾಗದವನ್ನು ಡ್ರಾಯರಿಗೆ ಹಾಕಿದರು. ಆ ತಪಸ್ಸುಕಾಲದಲ್ಲಿ ಅವರು ಮಾಡಿದ ಒಂದೇ ಗಂಡಸುತನದ ಕೆಲಸ ಅದು. ಅಂತೋಣಿ ರಾಜ್ ಒಂದು ಟವೆಲಿನ ಮಡಿಕೆ ಬಿಡಿಸಿ, ಮತ್ತೆ ಮಡಿಸಿ, ಮತ್ತೆ ಬಿಡಿಸಿದರು. ಕಮಿಟಿ ನನ್ನನ್ನು ಬಿಡಿಸಿ ಕ್ಲಾಸನ್ನು ವಿನ್ಸೆಂಟ್ ಸರ್ ಕೈಗೆ ಕೊಟ್ಟಿತು. ನಾನು ಪಾದ ತೊಳೆಯುವುದನ್ನು ನೋಡಲು ನಿಲ್ಲದೆ ಸ್ಕೂಟರ್ ಹತ್ತಿದೆ. ಮಲವಗೊಪ್ಪದ ಹತ್ತಿರ ವರ್ಷದ ಮೊದಲ ಮಳೆ ನಾಲ್ಕು ಹನಿ ಬಿತ್ತು. ನನ್ನ ಬಾಕಿ ತೀರಿತು ಎಂದು ನೆಮ್ಮದಿಯಿಂದ ಉಸಿರುಬಿಟ್ಟೆ.

ಈಸ್ಟರ್ ಕಳೆದು ಎರಡನೇ ವಾರ ಪ್ರಿಸಿಲ್ಲಾ ವಿಳಾಸ ಹುಡುಕಿಕೊಂಡು ಕೋಟೆಯ ನನ್ನ ಮನೆಗೇ ಬಂದಳು. ಶಾರದಮ್ಮ ಅವಳಿಗೆ ಪಾನಕ ಕೊಟ್ಟು ಮೇಲೆ ಕಳಿಸಿದ್ದರು. ಕೃತಜ್ಞತೆ ಹೇಳಲು ಬಂದಿದ್ದಾಳೆ ಎಂದುಕೊಂಡು ಅದಕ್ಕೆ ತಕ್ಕ ಮುಖ ಮಾಡಿ ಕೂತೆ. ಅವಳು ಬಾಗಿಲಲ್ಲೇ ನಿಂತಳು. ಮುಖ ಕೆಂಪಗಾಗಿತ್ತು. ಆ ಹುಡುಗಿ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಈಗ ಭಾನುವಾರ ಎರಡು ಗಂಟೆ ಹೊತ್ತು ವಿನ್ಸೆಂಟ್ ಸರ್ ಕ್ಲಾಸಂತೆ. ಹೊಸ ಚಾರ್ಟು ಬಂದಿದೆಯಂತೆ, ಈ ಸಲ ನಕ್ಷತ್ರದ ಬದಲು ಹೃದಯದ ಆಕಾರದ್ದು. ಜೋವಿಟಾ ಬರುವುದನ್ನೇ ಬಿಟ್ಟಳಂತೆ. ಅಪ್ಪ ಮೂರು ದಿನ ಊಟ ಬಿಟ್ಟು, ಆಮೇಲೆ ಮಾತಾಡಿಸಿದರಂತೆ. ಈಗ ಪಟ್ಟಿ ಗಿಟ್ಟಿ ಏನೂ ಕೇಳುವುದಿಲ್ಲವಂತೆ.

"ಒಂದೂವರೆ ಗಂಟೆ ಬಿಸಿಲಲ್ಲಿ ಮಂಡಿಯೂರಿದೀನಿ ನಾನು," ಅಂದಳು. "ನೀವು ನಾಲ್ಕು ದಿನಕ್ಕೆ ಹೋಗಿ ಎಲ್ಲಾ ಹೇಳ್ಬಿಟ್ರಿ. ನಾನು ಕೊಟ್ಟಿದ್ದನ್ನ ಸುಮ್ನೆ ಇಟ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?"

ನಿನಗೆ ಅನ್ಯಾಯ ಆಗಬಾರದೆಂದು ಹೇಳಿದೆ ಎಂದೆ. ನನ್ನ ಹೆಸರು ತೆಗೆಯೋದಕ್ಕೆ ಸಹಿ ಮಾಡಲ್ಲ ಅಂದಿದ್ದರೆ ಅಷ್ಟೇ ಸಾಕಿತ್ತಲ್ಲ ಎಂದಳು. ಹೌದು, ಸಾಕಿತ್ತು. ಅದು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಇಪ್ಪತ್ತೈದು ವರ್ಷ ಮಕ್ಕಳ ಉತ್ತರ ತಿದ್ದಿದ ನಾನು ಆ ಹುಡುಗಿಯ ಮುಂದೆ ತಪ್ಪುತ್ತರ ಬರೆದವಳಂತೆ ಕೂತಿದ್ದೆ. ನಾನು ಆಫೀಸಿನಲ್ಲಿ ತಲೆ ನೆಟ್ಟಗೆ ಮಾಡಿ ಹೇಳಿದ್ದು ಸತ್ಯಕ್ಕಾಗಿ ಅಲ್ಲ, ಅವಳಿಗಾಗಿಯೂ ಅಲ್ಲ. ಅವಳ ಋಣದಲ್ಲಿರಲು ಆಗದೆ.

ಆಮೇಲೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಬಂದ ಕೆಲಸ ಹೇಳಿದಳು. ದೃಢೀಕರಣದ ದಿನ ಪ್ರತಿಯೊಬ್ಬರ ಹಿಂದೆಯೂ ಒಬ್ಬ ಹಿರಿಯರು ಹೆಗಲ ಮೇಲೆ ಕೈಯಿಟ್ಟು ನಿಲ್ಲಬೇಕು, ಅವರೇ ಆ ಮಗುವಿನ ಧರ್ಮತಂದೆ ಇಲ್ಲವೇ ಧರ್ಮತಾಯಿ. ಅವಳು ನನ್ನ ಹೆಸರು ಕೊಟ್ಟಿದ್ದಳು. ಕಮಿಟಿ ಒಪ್ಪುವುದಿಲ್ಲ ಎಂದೆ. ಫಾದರ್ ಹತ್ತಿರ ಹೋಗಿ ನಾನೇ ಕೇಳಿಕೊಂಡು ಬಂದಿದ್ದೇನೆ, ಒಪ್ಪಿದ್ದಾರೆ ಎಂದಳು. ನಿನ್ನ ಹಿಂದೆ ನಿಲ್ಲೋ ಯೋಗ್ಯತೆ ನನಗಿಲ್ಲ, ಊರವರ ಮುಂದೆ ನಿನ್ನನ್ನ ಹಾಗೆ ನಿಲ್ಲಿಸಿದವಳು ನಾನು ಎಂದು ಶುರು ಮಾಡಿದೆ. ಇನ್ನೂ ಚೆನ್ನಾಗಿ ಹೇಳಲು ಮಾತು ಹುಡುಕುತ್ತಿದ್ದೆ.

"ಮತ್ತೆ ಶುರು ಮಾಡ್ಬೇಡಿ ಟೀಚರ್," ಅಂದಳು. "ಬರ್ತೀರಾ ಇಲ್ವಾ, ಅಷ್ಟು ಹೇಳಿ. ನಂಗೆ ಐದೂಕಾಲಿನ ಬಸ್ಸಿದೆ."

ಬರ್ತೀನಿ ಅಂದೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಿದ್ದರೂ ಕೆಡಿಸಿಬಿಡುತ್ತಿದ್ದೆ.